ಆಮ್ಲಜನಕ ಕಡಿಮೆಯಾದಾಗ ಚರ್ಮದ ಕೊಲಾಜನ್ ಹೆಚ್ಚುತ್ತದೆಯೋ, ಕುಗ್ಗುತ್ತದೆಯೋ?

ಪ್ರಶ್ನೆ
ನಮಸ್ಕಾರ. ಚರ್ಮಕ್ಕೆ ಬಲ ಕೊಡುವ ಕೊಲಾಜನ್ ಪ್ರೋಟೀನ್ ಅನ್ನು ತಯಾರಿಸುವ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಶೇ. 1ರ ಆಮ್ಲಜನಕದಲ್ಲಿ ಮೂರು ದಿನ ಬೆಳೆಸುತ್ತಿದ್ದೇನೆ. ಕೊಲಾಜನ್ ಜೀನ್‌ನ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಸಲು ಜೀನ್ ಕಳಿಸುವ ಸಂದೇಶ) ಸ್ಪಷ್ಟವಾಗಿ ಏರಿದೆ. ಆದರೆ ಕೋಶಗಳು ಮಾಧ್ಯಮಕ್ಕೆ (ಅವು ಬೆಳೆಯುವ ಪೋಷಕ ದ್ರವಕ್ಕೆ) ಬಿಟ್ಟ ಕೊಲಾಜನ್ ಅನ್ನು ಅಳೆದರೆ, ಸಾಮಾನ್ಯ ಗಾಳಿಯಲ್ಲಿ ಬೆಳೆದವುಗಳಿಗಿಂತ ಕಡಿಮೆ ಸಿಗುತ್ತಿದೆ. ಎರಡನೆಯ ದಿನಕ್ಕೇ ಮಾಧ್ಯಮದ ಕೆಂಪು ಬಣ್ಣ ಹಳದಿಗೆ ತಿರುಗುತ್ತದೆ. ಅಳತೆಯಲ್ಲೇ ತಪ್ಪಾಗಿದೆಯೇ?

ಉತ್ತರ 1
ಅಳತೆ ಸರಿಯಾಗಿರುವ ಸಾಧ್ಯತೆಯೇ ಹೆಚ್ಚು. ಕೊಲಾಜನ್ ಸರಪಳಿಯ ಪ್ರೋಲೀನ್ ಎಂಬ ಅಮೈನೋ ಆಮ್ಲಗಳಿಗೆ ಹೈಡ್ರಾಕ್ಸಿಲ್ ಗುಂಪು ಸೇರಿದರೆ ಮಾತ್ರ ಅದರ ಮೂರೆಳೆಯ ಹುರಿ ದೇಹದ ಉಷ್ಣತೆಯಲ್ಲಿ ಬಿಚ್ಚದೆ ನಿಲ್ಲುತ್ತದೆ. ಈ ಕೆಲಸ ಮಾಡುವ ಕಿಣ್ವಕ್ಕೆ ಕಬ್ಬಿಣ, ವಿಟಮಿನ್ ಸಿ, ಆಲ್ಫಾ-ಕೀಟೊಗ್ಲುಟರೇಟ್ (ಕೋಶದಲ್ಲೇ ಇರುವ ಒಂದು ಸಣ್ಣ ಅಣು) ಜೊತೆಗೆ ಆಮ್ಲಜನಕದ ಅಣುವೇ ಬೇಕು. ಅದು ಸಾಲದಿದ್ದರೆ ಸರಪಳಿ ತಯಾರಾದರೂ ಹುರಿಗೊಳ್ಳದೆ ಕೋಶದೊಳಗೆ ಪ್ರೋಟೀನ್‌ಗಳು ರೂಪ ಪಡೆಯುವ ಜಾಗವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ ಉಳಿದು, ಬಹುಪಾಲು ಕೋಶದೊಳಗೇ ನಾಶವಾಗುತ್ತದೆ. ಹಳದಿ ಬಣ್ಣವು ಆಮ್ಲಜನಕ ಕಡಿಮೆಯಾದಾಗ ಕೋಶಗಳು ಹೆಚ್ಚಾಗಿ ಬಿಡುವ ಲ್ಯಾಕ್ಟಿಕ್ ಆಮ್ಲದ ಗುರುತು. ಒಂದು ಮಾತು ಕೇಳಬೇಕಿದೆ: ವಿಟಮಿನ್ ಸಿ ಯನ್ನು ಎಷ್ಟು ಸಲ ಸೇರಿಸಿದಿರಿ?

ಉತ್ತರ 2
ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಕೊರತೆಯ ಮಟ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆಮ್ಲಜನಕದ ಕೊರತೆಯನ್ನು ಕೋಶಕ್ಕೆ ತಿಳಿಸುವ ಎಚ್‌ಐಎಫ್ ವ್ಯವಸ್ಥೆಯೂ (2019ರ ವೈದ್ಯಕೀಯ ನೊಬೆಲ್ ಸಂದದ್ದು ಈ ವಿಷಯಕ್ಕೇ) ಇಂಥದ್ದೇ ಕಿಣ್ವಗಳನ್ನು ಅವಲಂಬಿಸಿದೆ. ಆಮ್ಲಜನಕ ಸಾಕಷ್ಟಿರುವಾಗ ಆ ಕಿಣ್ವಗಳು ಎಚ್‌ಐಎಫ್ ಅನ್ನು ಅಡಗಿಸಿಡುತ್ತವೆ. ಅವು ಅರ್ಧ ವೇಗದಲ್ಲಿ ನಡೆಯಲು 200 ಮೈಕ್ರೊಮೋಲಾರ್‌ಗೂ ಹೆಚ್ಚು ಆಮ್ಲಜನಕ ಬೇಕು. ಕೊಲಾಜನ್ ಕಿಣ್ವಕ್ಕೆ ಸುಮಾರು 40 ಸಾಕು. ಹೀಗಾಗಿ ಶೇ. 5ರ ಆಸುಪಾಸಿನಲ್ಲಿ ಎಚ್‌ಐಎಫ್ ಎಚ್ಚೆತ್ತು ಕೊಲಾಜನ್ ಸಂಸ್ಕರಿಸುವ ಕಿಣ್ವಗಳ ಜೀನ್‌ಗಳನ್ನು ಚುರುಕುಗೊಳಿಸುತ್ತದೆ, ಕೊಲಾಜನ್ ಕಿಣ್ವವೂ ತಕ್ಕಮಟ್ಟಿಗೆ ಕೆಲಸ ಮಾಡುತ್ತಿರುತ್ತದೆ. ನಿಮ್ಮ ಶೇ. 1ರಲ್ಲಿ ಮಾಧ್ಯಮದಲ್ಲಿ ಕರಗಿರುವುದು ಸುಮಾರು 10 ಮೈಕ್ರೊಮೋಲಾರ್ ಮಾತ್ರ. ಅಲ್ಲಿ ಸಂದೇಶ ಬಂದರೂ ಕೆಲಸ ಸಾಗುವುದಿಲ್ಲ.

ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕೆನಿಸುತ್ತದೆ. ನಾವು 'ಸಾಮಾನ್ಯ' ಎನ್ನುವ ಇನ್‌ಕ್ಯುಬೇಟರ್ ಗಾಳಿ ಚರ್ಮದ ಕೋಶಕ್ಕೆ ಸಾಮಾನ್ಯವೇ ಅಲ್ಲ. ಮೇಲ್ಪದರದ 0.25ರಿಂದ 0.40 ಮಿಲಿಮೀಟರ್ ಆಳದವರೆಗೆ ಹೊರಗಿನ ಗಾಳಿಯಿಂದಲೇ ಆಮ್ಲಜನಕ ತಲುಪಬಲ್ಲದಾದರೂ, ಫೈಬ್ರೊಬ್ಲಾಸ್ಟ್‌ಗಳಿರುವ ಒಳಚರ್ಮದಲ್ಲಿ ಅದರ ಪ್ರಮಾಣ ಗಾಳಿಯಲ್ಲಿರುವುದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಶೇ. 5ರ ಒಂದು ಗುಂಪನ್ನೂ ದಯವಿಟ್ಟು ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು
ವಿಟಮಿನ್ ಸಿ ಯನ್ನು ಮೊದಲ ದಿನ ಮಾತ್ರ ಸೇರಿಸಿದ್ದೆ.

ಉತ್ತರ 1
37 ಡಿಗ್ರಿಯ ಮಾಧ್ಯಮದಲ್ಲಿ ಅದು ಒಂದು ದಿನವೂ ಸರಿಯಾಗಿ ಉಳಿಯುವುದಿಲ್ಲ. ಪ್ರತಿದಿನ ಸೇರಿಸಿ, ಇಲ್ಲವೇ ಸ್ಥಿರವಾದ ಫಾಸ್ಫೇಟ್ ರೂಪವನ್ನು ಬಳಸಿ. ಹೊಸ ಮಾಧ್ಯಮವನ್ನು ಹಿಂದಿನ ರಾತ್ರಿಯೇ ಕಡಿಮೆ ಆಮ್ಲಜನಕದಲ್ಲಿ ಇಟ್ಟಿರಿ. ಇಲ್ಲದಿದ್ದರೆ ಬದಲಾಯಿಸಿದ ಪ್ರತಿ ಸಲವೂ ಕೋಶಗಳಿಗೆ ಕೆಲವು ಗಂಟೆ ಗಾಳಿಯ ಮಟ್ಟದ ಆಮ್ಲಜನಕ ಸಿಕ್ಕಂತಾಗುತ್ತದೆ.