ಒದ್ದವನಿಗೆ ಬೆಳ್ಳಿ, ಬಿದ್ದವನಿಗೆ ಚಿನ್ನ: ಒಲಿಂಪಿಕ್ಸ್‌ಗೆ ಕರಾಟೆ ಬೇಕಾ?

ಗುಂಪು: ಡೋಜೊ ಹಳೇ ಬ್ಯಾಚ್

ನಾಗರಾಜ: (ವಿಡಿಯೊ: ಟೋಕಿಯೊ, 7 ಆಗಸ್ಟ್ 2021, ಪುರುಷರ +75 ಕೆಜಿ ಕುಮಿಟೆ, ಅಂದ್ರೆ ಇಬ್ಬರ ಕಾಳಗದ ಫೈನಲ್)
ಇದನ್ನ ನೋಡಿ ಹೇಳಿ, ಕರಾಟೆ ಒಲಿಂಪಿಕ್ಸ್‌ಗೆ ಯಾಕೆ ಬೇಕು ಅಂತ. ಸೌದಿಯ ತಾರೆಗ್ ಹಮೇದಿ 4-1ರಲ್ಲಿ ಮುಂದಿದ್ದ. ಒಂದೇ ಒದೆಗೆ ಇರಾನಿನ ಸಜ್ಜಾದ್ ಗಂಜ್‌ಜಾದೆ ಎಚ್ಚರ ತಪ್ಪಿ ಬಿದ್ದ. ಸ್ಟ್ರೆಚರ್ ಮೇಲೆ ಹೋದವನಿಗೆ ಚಿನ್ನ, ಒದ್ದವನಿಗೆ ಬೆಳ್ಳಿ. ಬಾಕ್ಸಿಂಗ್‌ನಲ್ಲಿ ಎದುರಾಳಿ ಹೀಗೆ ಮಲಗಿದ್ರೆ ನಿಂತವನ ಕೈ ಎತ್ತಿಸ್ತಾರೆ. ಟಿವಿ ಮುಂದೆ ಕೂತ ಜನಕ್ಕೆ ಇದನ್ನ ಹೇಗೆ ಅರ್ಥ ಮಾಡಿಸ್ತೀರಿ?

ರೇಖಾ: ಅರ್ಥ ಮಾಡಿಸೋದು ಕಷ್ಟ ಇಲ್ಲ. ಕುಮಿಟೆಯಲ್ಲಿ ಪಾಯಿಂಟ್ ಸಿಗೋದು ಹತೋಟಿ ಇರೋ ಹೊಡೆತಕ್ಕೆ. ಕೈ ಹೊಡೆತಕ್ಕೆ ಯುಕೊ, 1. ಹೊಟ್ಟೆ, ಎದೆ, ಬೆನ್ನಿಗೆ ಒದ್ದರೆ ವಾಜಾ-ಆರಿ, 2. ತಲೆಮಟ್ಟದ ಒದೆಗೆ, ಇಲ್ಲಾ ಬೀಳಿಸಿದ ತಕ್ಷಣ ಹೊಡೆದ್ರೆ ಇಪ್ಪೋನ್, 3. ತಲೆಗೆ ಒದೆಯೋವಾಗ ಚರ್ಮ ಸೋಕಿದ್ರೆ ಸಾಕು, ಅದಕ್ಕಿಂತ ಆಳ ಹೋದ್ರೆ ತಪ್ಪು. ಟೋಕಿಯೊ ಹೊತ್ತಿಗೆ ಚುಕೊಕು, ಕೇಯಿಕೊಕು, ಹನ್ಸೊಕು-ಚೂಯಿ, ಹನ್ಸೊಕು ಅಂತ ದಂಡ ಮೆಟ್ಟಿಲು ಹತ್ತುತ್ತಿತ್ತು. ಹೊಡೆತ ತೀರಾ ಜೋರಿದ್ರೆ ನೇರ ಹನ್ಸೊಕು, ಪಂದ್ಯದಿಂದಲೇ ಔಟ್. ಹಮೇದಿಗೆ ಆಗಿದ್ದು ಅದೇ. ಅವತ್ತು ಅವನ ಕೈ ಎತ್ತಿಸಿದ್ದಿದ್ರೆ ಅದು ಕರಾಟೆ ಪಂದ್ಯ ಆಗ್ತಿರಲಿಲ್ಲ.

ಗಿರೀಶ: ಈ ಫೈನಲ್ ನೋಡಿಯೇ ಕರಾಟೆ ಕಿತ್ತುಹಾಕಿದ್ರು ಅಂತ ಎಲ್ಲಾ ಕಡೆ ಫಾರ್ವರ್ಡ್ ಓಡಾಡ್ತಿದೆ. ಸುಳ್ಳು. ಪ್ಯಾರಿಸ್ 2024ರವರು ಬ್ರೇಕಿಂಗ್ (ಬ್ರೇಕ್ ಡ್ಯಾನ್ಸ್), ಸ್ಕೇಟ್‌ಬೋರ್ಡಿಂಗ್, ಕ್ಲೈಂಬಿಂಗ್, ಸರ್ಫಿಂಗ್ ಅಂತ ತಮ್ಮ ಹೆಚ್ಚುವರಿ ಆಟಗಳ ಪಟ್ಟಿ ಹೇಳಿದ್ದು 2019ರ ಫೆಬ್ರವರಿಯಲ್ಲಿ. ಅದರಲ್ಲಿ ಕರಾಟೆ ಇರಲಿಲ್ಲ. ಈ ಪಂದ್ಯ ನಡೆದಿದ್ದು ಅದಾದ ಎರಡೂವರೆ ವರ್ಷಕ್ಕೆ. ಲಾಸ್ ಏಂಜಲಿಸ್ 2028ಕ್ಕೆ ಕ್ರಿಕೆಟ್, ಸ್ಕ್ವಾಷ್ ಬಂತು, ಕರಾಟೆ ಬರಲಿಲ್ಲ.

ಶ್ರೀಧರ: ಬರದೇ ಇದ್ದಿದ್ದೇ ಒಳ್ಳೇದಾಯ್ತು. ಕಟಾ, ಅಂದ್ರೆ ಎದುರಾಳಿ ಇಲ್ಲದೆ ಒಬ್ಬರೇ ಮಾಡಿ ತೋರಿಸೋ ಚಲನೆಗಳ ಸರಣಿ, ನೋಡಿ ಏನಾಗಿದೆ. ಪ್ರತಿ ಹೊಡೆತ ಆದ್ಮೇಲೆ ಫೋಟೊಗೆ ನಿಂತ ಹಾಗೆ ನಿಲ್ಲೋದು, ಉಸಿರೆಲ್ಲಾ ಮುಗಿಯೋವರೆಗೂ ಕಿಯಾಯ್ ಕೂಗು ಎಳೆಯೋದು. ಗಟ್ಟಿ ಕ್ಯಾನ್ವಾಸ್ ಬಟ್ಟೆಯ ಗಿ (ಕರಾಟೆ ಉಡುಪು) ಹಾಕೋದೇ ಪಟ್ ಅಂತ ಸದ್ದು ಬರಲಿ ಅಂತ.

ರೇಖಾ: ಗಿ ಮೇಲೆ ಕೈ ಬಡಿದು ಸದ್ದು ಮಾಡೋದು, ಕಾಲು ಕುಟ್ಟೋದು, ಬೇಡದ ಕಡೆ ಬುಸುಗುಟ್ಟೋದು, ಇವೆಲ್ಲಾ ನಿಯಮದಲ್ಲೇ ತಪ್ಪು ಶ್ರೀಧರ. ಅಂಕ ಕಡಿಮೆ ಆಗುತ್ತೆ. ಟೋಕಿಯೊದಲ್ಲಿ 7 ಜನ ತೀರ್ಪುಗಾರರು, 5ರಿಂದ 10ರವರೆಗೆ ಅಂಕ. ತಾಂತ್ರಿಕತೆಗೆ 70%, ಅಂಗಸಾಮರ್ಥ್ಯಕ್ಕೆ 30%. ಮೇಲಿನ ಎರಡು, ಕೆಳಗಿನ ಎರಡು ಅಂಕ ತೆಗೆದು ಉಳಿದ ಮೂರನ್ನ ಕೂಡಿಸೋದು. ಹಾಗಾಗಿ ಗರಿಷ್ಠ 30. ಹೆಂಗಸರ ಫೈನಲ್‌ನಲ್ಲಿ ಸ್ಪೇನಿನ ಸಾಂದ್ರಾ ಸಾಂಚೆಸ್, ಜಪಾನಿನ ಕಿಯೊ ಶಿಮಿಜು ಇಬ್ಬರೂ ಮಾಡಿದ್ದು ಒಂದೇ ಕಟಾ, ಚಾತಾನ್‌ಯಾರಾ ಕುಶಾಂಕು. 28.06, 27.88. ಎರಡು ವಿಡಿಯೊನೂ ಒಂದರ ಪಕ್ಕ ಒಂದು ಇಟ್ಟು ನೋಡಿ. ಒಂದೇ ಹೆಜ್ಜೆ, ಒಂದೇ ತಿರುವು, ಕೂತು ಏಳೋ ಜಾಗದಲ್ಲಿ ಮೊಣಕಾಲು ಎಷ್ಟು ಅಲ್ಲಾಡ್ತು ಅಂತ ಹೋಲಿಸಬಹುದು. ಇಷ್ಟು ನೇರ ಹೋಲಿಕೆ ಜಿಮ್ನಾಸ್ಟಿಕ್ಸ್‌ನಲ್ಲೂ ಸಿಗಲ್ಲ.

ಶ್ರೀಧರ: ಹೋಲಿಸಬಹುದು, ಒಪ್ಪಿದೆ. ಆದ್ರೆ ಆ ಕುಶಾಂಕುವಿನ ಯಾವ ಚಲನೆ ಯಾವ ದಾಳಿಗೆ ಉತ್ತರ? ಅದನ್ನ ತೋರಿಸೋದು ಬುಂಕಾಯ್. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ತಂಡದ ಕಟಾದ ಪದಕ ಸುತ್ತಿನಲ್ಲಿ ಅದನ್ನ ಮಾಡಲೇಬೇಕು. ಟೋಕಿಯೊದಲ್ಲಿ ತಂಡದ ಸ್ಪರ್ಧೆಯೇ ಇರಲಿಲ್ಲ. ಜಗತ್ತು ನೋಡಿದ್ದು ಗಾಳಿಗೆ ಹೊಡೆಯೋದನ್ನ ಮಾತ್ರ. ಮೂವರು ಸೇರಿ ಒಬ್ಬನ ಹಿಡಿತ ಬಿಡಿಸಿ, ಕಾಲು ಕಿತ್ತು ಕೆಡವೋದನ್ನ ತೋರಿಸಿದ್ರೆ ಯಾರಿಗೂ ವಿವರಣೆ ಬೇಕಾಗ್ತಿರಲಿಲ್ಲ.

ರೇಖಾ: ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ನೀವು ಹೇಳೋದು ಸರಿ.

ಗಿರೀಶ: ತೂಕದ ವಿಚಾರನೂ ಸೇರಿಸಿ. ವಿಶ್ವ ಒಕ್ಕೂಟದಲ್ಲಿ ಗಂಡಸರಿಗೆ 60, 67, 75, 84, +84 ಅಂತ ಐದು ವಿಭಾಗ. ಒಲಿಂಪಿಕ್ಸ್‌ನಲ್ಲಿ ಮೂರಕ್ಕೆ ಇಳಿಸಿದ್ರು: 67, 75, +75. ಹೆಂಗಸರಿಗೂ ಅದೇ ಗತಿ: 55, 61, +61. 60 ಕೆಜಿಯವನು 67ರವನ ಜೊತೆ ಆಡಬೇಕು. 84ರವನ ಎದುರು ನೂರು ಕೆಜಿ ದಾಟಿದವನೂ ಬರಬಹುದು. ಸ್ಪರ್ಧೆಗೆ ಮೀಸಲಿಟ್ಟಿದ್ದು 10 ಸ್ಥಾನ, ಎಂಟು ಸ್ಪರ್ಧೆಗೆ ಒಟ್ಟು 80. ಇಷ್ಟು ಕಿರಿದಾದ ಬಾಗಿಲಲ್ಲಿ ಯಾವ ಕಲೆ ನುಗ್ಗಿದ್ರೂ ಮೈ ತರಚುತ್ತೆ.

ನಾಗರಾಜ: ಅದಕ್ಕೇ ಹೇಳೋದು, ಹೋಗೋದೇ ಬೇಡ. ಟೇಕ್ವಾಂಡೊ ಗತಿ ನೋಡಿ. 2000ದಲ್ಲಿ ಸಿಡ್ನಿಯಲ್ಲಿ ಪದಕ ಕ್ರೀಡೆ ಆಯ್ತು, ಲಂಡನ್ನಿಗೆ ಎಲೆಕ್ಟ್ರಾನಿಕ್ ಎದೆಗವಚ ಬಂತು. ಈಗ ಮುಂದಿನ ಕಾಲು ಎತ್ತಿ ಹಿಡ್ಕೊಂಡು ಕುಂಟ್ತಾ, ಪಾದದಲ್ಲಿ ಸೆನ್ಸರ್ ಹುಡುಕೋದೇ ಆಟ. ಸೊಂಟ ತಿರುಗಿಸಿ ಹಿಂದಿನ ಕಾಲಲ್ಲಿ ಒದೆಯೋನು ಆ ಎತ್ತಿದ ಕಾಲಿಗೇ ಸಿಕ್ಕಿಬೀಳ್ತಾನೆ.

ರೇಖಾ: ಅದಕ್ಕೇ ತಿರುಗಿ ಒದೆಯೋದಕ್ಕೆ ಅಂಕ ಹೆಚ್ಚಿಸಿದ್ರು: ಎದೆಗೆ 4, ತಲೆಗೆ 5. ಕರಾಟೆಯಲ್ಲಿ ಸೆನ್ಸರ್ ಇಲ್ಲ. ಟೋಕಿಯೊದಲ್ಲಿ ನಾಲ್ಕು ಮೂಲೆಯಲ್ಲಿ ಬಾವುಟ ಹಿಡಿದ ಮನುಷ್ಯರಿದ್ರು, ಇಬ್ಬರಾದ್ರೂ ಎತ್ತಿದ್ರೆ ಪಾಯಿಂಟ್. ದೂರ, ಸಮಯ, ಭಂಗಿ, ಬಿರುಸು, ಕ್ರೀಡಾ ಮನೋಭಾವ, ಹೊಡೆದ ಮೇಲೂ ಎಚ್ಚರ ತಪ್ಪದ ಜಾನ್‌ಶಿನ್, ಆರೂ ಇರಬೇಕು. ಜಾನ್‌ಶಿನ್‌ಗೆ ಅಂಕ ಕೊಡೋ ಆಟ ಒಲಿಂಪಿಕ್ಸ್‌ನಲ್ಲಿ ಬೇರೆ ಯಾವುದಿದೆ ಹೇಳಿ? ನನಗೆ ಕರಾಟೆ ಅಲ್ಲಿ ಬೇಕು ಅನ್ಸೋದೇ ಇದಕ್ಕೆ.

ಶ್ರೀಧರ: ಏಷ್ಯನ್ ಗೇಮ್ಸ್ ಸಾಲದಾ? ಅಲ್ಲಿ 1994ರಿಂದ ಕರಾಟೆ ಇದೆ. ಉಜ್ಬೇಕಿಸ್ತಾನದ ಕುಸ್ತಿ ಕುರಾಶ್ ಕೂಡ 2018ರಲ್ಲಿ ಅಲ್ಲಿಗೆ ಬಂತು, ನಮ್ಮ ಬೆಳಗಾವಿಯ ಮಲಪ್ರಭಾ ಜಾಧವ್ 52 ಕೆಜಿಯಲ್ಲಿ ಕಂಚು ತಂದ್ರು. ಹಲಾಲ್, ಯೊನ್‌ಬೊಶ್, ಚಲಾ ಅಂತ ತೀರ್ಪನ್ನ ಅವರ ಭಾಷೆಯಲ್ಲೇ ಕೂಗ್ತಾರೆ, ಯಾರಿಗೂ ತೊಂದರೆ ಆಗಲಿಲ್ಲ.

ನಾಗರಾಜ: ನನ್ನ ಪ್ರಶ್ನೆ ಹಾಗೇ ಇದೆ ರೇಖಾ. ಹೊಡೆತ ‘ಜೋರು’ ಅಂತ ಅಳೆಯೋದು ಹೇಗೆ? ಬಿದ್ದವನೇ ತಲೆ ಕೊಟ್ಟಿದ್ರೆ?

ರೇಖಾ: ಅದಕ್ಕೆ ಮುಬೊಬಿ ಇದೆ. ತಡೆ ಇಲ್ಲದೆ ತಲೆ ಬಗ್ಗಿಸಿ ನುಗ್ಗಿದವನಿಗೇ ದಂಡ. ರೆಫ್ರಿ ನೋಡಬಹುದಾದ್ದು ಇಂಥವು: ಒದ್ದ ಕಾಲು ಮೊಣಕಾಲಿಂದ ಹಿಂದಕ್ಕೆ ಬಂತಾ ಇಲ್ಲಾ ಸೊಂಟದ ಜೊತೆ ದಾಟಿ ಹೋಯ್ತಾ, ತಿಂದವನು ಯಾವ ದಿಕ್ಕಿಗೆ ಚಲಿಸ್ತಿದ್ದ, ಬಿದ್ದಾಗ ಕೈ ಊರಿದನಾ. ಕೈ ಊರದೆ ಬಿದ್ರೆ ನಾಟಕ ಇರೋ ಸಾಧ್ಯತೆ ಕಡಿಮೆ. ತೀರ್ಪನ್ನ ಸ್ವಲ್ಪ ತಡ ಮಾಡೋದೂ ಒಳ್ಳೇದೇ, ಅಷ್ಟರಲ್ಲಿ ಮೂಗಲ್ಲಿ ರಕ್ತದಂಥ ಗಾಯದ ಗುರುತು ಇದ್ರೆ ಕಾಣಿಸ್ಕೊಳ್ಳುತ್ತೆ. 10 ಸೆಕೆಂಡಲ್ಲಿ ಏಳದವನು ಆ ಟೂರ್ನಿಯ ಕುಮಿಟೆಯಿಂದಲೇ ಹೊರಗೆ, ಗೆದ್ದಿದ್ರೂ ಸರಿ. ಗಂಜ್‌ಜಾದೆಗೆ ಅದು ಕಡೇ ಪಂದ್ಯ ಆಗಿದ್ದಕ್ಕೆ ಚಿನ್ನ ಸಿಕ್ತು. ಸೆಮಿಫೈನಲ್‌ನಲ್ಲಿ ಹೀಗಾಗಿದ್ರೆ ಅವನು ಫೈನಲ್ ಆಡ್ತಿರಲಿಲ್ಲ.

ನಾಗರಾಜ: ಆಗ ಹಮೇದಿನೂ ಇಲ್ಲ, ಇವನೂ ಇಲ್ಲ. ಹಾಗಾಗಿದ್ರೆ ಆ ಸೆಮಿಫೈನಲ್ ಗೆದ್ದೋರು ಯಾರು ಅಂತ ಆಗ್ತಿತ್ತು?

ಗಿರೀಶ: ಗೆದ್ದೋನು ಗಂಜ್‌ಜಾದೆನೇ. ಗಾಯದಿಂದ ಫೈನಲ್ ಆಡದೇ ಇದ್ದಿದ್ರೆ ಬೆಳ್ಳಿ ಅವನದು.