ನಕಲಿ ಖಾತೆ ತಡೆಯೋಕೆ ಹೋಗಿ ಹೊಸಬರನ್ನೇ ಮರೆಮಾಡಿಬಿಟ್ಟೆ, ಈಗೇನು ಮಾಡಲಿ?

ಸಾಲುದೀಪ

ನಾನೂ ಇಬ್ಬರು ಗೆಳೆಯರೂ ಸೇರಿ ನೋಸ್ಟರ್ ಅನ್ನೋ ಸೋಷಿಯಲ್ ಮೀಡಿಯಾ ಜಾಲಕ್ಕೆ ಒಂದು ಸಣ್ಣ ಆ್ಯಪ್ ನಡೆಸುತ್ತಿದ್ದೇವೆ. ಗೊತ್ತಿಲ್ಲದವರಿಗೆ ಒಂದು ಮಾತು: ನೋಸ್ಟರ್‌ನಲ್ಲಿ ಖಾತೆ ಅಂದರೆ ಒಂದು ಜೋಡಿ ಕೀ (ಒಂದು ಗುಟ್ಟಿನದು, ಒಂದು ಎಲ್ಲರಿಗೂ ಕಾಣುವುದು), ಅಷ್ಟೇ. ಫೋನ್ ನಂಬರ್ ಬೇಡ, ಇಮೇಲ್ ಬೇಡ, ದೂರು ಕೊಡೋಣ ಅಂದರೆ ಕಂಪನಿಯೂ ಇಲ್ಲ. ಹೆಸರು, ಫೋಟೋ ಯಾರು ಏನು ಬೇಕಾದರೂ ಹಾಕಿಕೊಳ್ಳಬಹುದು.

ಎರಡು ತಿಂಗಳ ಹಿಂದೆ ನಮ್ಮ ಬಳಕೆದಾರರೊಬ್ಬರ ಹೆಸರು, ಫೋಟೋ, ಪರಿಚಯದ ಸಾಲು ಎಲ್ಲವನ್ನೂ ಯಾರೋ ಹಾಗೇ ಎತ್ತಿ ಹೊಸ ಖಾತೆ ಮಾಡಿದರು. ಅವರ ಪೋಸ್ಟ್‌ಗಳ ಕೆಳಗೇ ಕೂತು ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡೋದು, ಆಮೇಲೆ ಡಿಎಂಗೆ ಹೋಗಿ "ಅರ್ಜೆಂಟಾಗಿ ಸ್ವಲ್ಪ ಸ್ಯಾಟ್ಸ್ ಕಳಿಸ್ತೀರಾ" ಅನ್ನೋದು (ಸ್ಯಾಟ್ಸ್ ಅಂದರೆ ಬಿಟ್‌ಕಾಯಿನ್‌ನ ಚಿಲ್ಲರೆ). ಇಬ್ಬರು ಕಳಿಸಿಯೂ ಬಿಟ್ಟರು. ನನಗೆ ಕೋಪ ಬಂದು ಅವತ್ತು ರಾತ್ರಿಯೇ ಫಿಲ್ಟರ್ ಹಾಕಿದೆ. ನೀವು ಫಾಲೋ ಮಾಡುವವರು, ಅವರು ಫಾಲೋ ಮಾಡುವವರು, ಇಷ್ಟು ಜನರ ರಿಪ್ಲೈ ಮಾತ್ರ ಕಾಣುತ್ತದೆ. ಉಳಿದದ್ದೆಲ್ಲ ಕೆಳಗೆ ಮಡಚಿಟ್ಟ ಪಟ್ಟಿಗೆ. ನಕಲಿ ಖಾತೆ ಮರುದಿನವೇ ಮಾಯ.

ಮೊನ್ನೆ ಸುಮ್ನೆ ಆ ಪಟ್ಟಿ ಬಿಚ್ಚಿ ನೋಡಿದೆ. ಮೂರು ವಾರದಿಂದ ಒಬ್ಬರು ನಮ್ಮದೇ ಪೋಸ್ಟ್‌ಗಳ ಕೆಳಗೆ ಬರೆಯುತ್ತಿದ್ದಾರೆ. ಫೋಟೋ ಅಪ್‌ಲೋಡ್ ಮಾಡುವಾಗ ಆ್ಯಪ್ ಯಾಕೆ ನಿಂತುಬಿಡುತ್ತದೆ ಅಂತ ಹುಡುಕಿ, ಕೋಡ್‌ನ ಯಾವ ಸಾಲಿನಲ್ಲಿ ತಪ್ಪಿದೆ ಅಂತಲೂ ಹೇಳಿದ್ದಾರೆ. ನಾವು ಅದೇ ತಪ್ಪಿಗೆ ತಲೆ ಕೆರೆದುಕೊಳ್ಳುತ್ತಿದ್ದೆವು! ಅವರ ಕೊನೆಯ ಪೋಸ್ಟ್: "ಇಲ್ಲಿ ಯಾರಾದರೂ ಇದ್ದೀರಾ?" ಆಮೇಲೆ ಏನೂ ಇಲ್ಲ.

ಫಿಲ್ಟರ್ ತೆಗೆದರೆ ಕಳ್ಳ ವಾಪಸ್ ಬರುತ್ತಾನೆ, ಇಟ್ಟರೆ ಇಂಥವರು ಬಂದ ದಾರಿಯಲ್ಲೇ ಹೋಗುತ್ತಾರೆ. ನಿಮ್ಮಲ್ಲಿ ಯಾರಾದರೂ ಬೇರೆ ಏನಾದರೂ ಮಾಡಿ ನೋಡಿದ್ದೀರಾ?

ಕಾಗದದೋಣಿ

ಇಷ್ಟು ತಲೆ ಕೆಡಿಸಿಕೊಳ್ಳಬೇಡಿ ಗುರು. ನಿಪ್-05 (ಖಾತೆಯನ್ನು ಒಂದು ವೆಬ್ ಡೊಮೇನ್‌ಗೆ ಜೋಡಿಸುವ ನೋಸ್ಟರ್ ವ್ಯವಸ್ಥೆ) ಇದ್ದವರ ರಿಪ್ಲೈ ತೋರಿಸಿ, ಇಲ್ಲದವರದ್ದು ಮಡಚಿ. ಬ್ಲೂಸ್ಕೈ ಅನ್ನೋ ಇನ್ನೊಂದು ಜಾಲದಲ್ಲೂ ಸ್ವಂತ ಡೊಮೇನನ್ನೇ ಹ್ಯಾಂಡಲ್ (ಖಾತೆಯ ಹೆಸರು) ಮಾಡಿಕೊಳ್ಳಬಹುದು, ಡೊಮೇನ್‌ನ ಡಿಎನ್‌ಎಸ್ ದಾಖಲೆಯಲ್ಲಿ ಒಂದು ಸಾಲು ಸೇರಿಸಿದರೆ ಆಯಿತು. ಡೊಮೇನ್ ನಿಮ್ಮದಾದರೆ ನೀವು ನೀವೇ.

ಮುಳ್ಳುಹಂದಿ

ಡೊಮೇನ್ ನಿಮ್ಮದಾದರೆ ಡೊಮೇನ್ ನಿಮ್ಮದು, ಅಷ್ಟೇ ಕಣ್ರೀ. ಒಂದು ಅಕ್ಷರ ಆಚೀಚೆ ಮಾಡಿ ಇನ್ನೊಂದು ಡೊಮೇನ್ ಕೊಂಡರೆ ಕಳ್ಳನಿಗೂ ಅದೇ ಗುರುತು ಸಿಗುತ್ತದೆ. 2022ರ ನವೆಂಬರ್‌ನಲ್ಲಿ ಟ್ವಿಟರ್ ತಿಂಗಳಿಗೆ 8 ಡಾಲರ್‌ಗೆ ನೀಲಿ ಟಿಕ್ ಮಾರೋಕೆ ಶುರು ಮಾಡಿದಾಗ ಏನಾಯಿತು ನೆನಪಿದೆಯಾ? ಎಲಿ ಲಿಲ್ಲಿ ಔಷಧ ಕಂಪನಿಯ ಹೆಸರಲ್ಲಿ ಯಾರೋ ಟಿಕ್ ಕೊಂಡು, ಇನ್ಸುಲಿನ್ ಇನ್ನು ಉಚಿತ ಅಂತ ಹಾಕಿಬಿಟ್ಟರು. ಅಸಲಿ ಕಂಪನಿ ಬಂದು ಕ್ಷಮೆ ಕೇಳಬೇಕಾಯಿತು. ಟಿಕ್ ನೋಡಿದ ಜನ ಹೆಸರನ್ನು ಎರಡನೇ ಸಲ ಓದಲಿಲ್ಲ.

ಇನ್ನೊಂದು ವಿಷಯ. ಆ ಬಗ್ ಹುಡುಕಿಕೊಟ್ಟವರಿಗೆ ಡೊಮೇನ್ ಇತ್ತಾ? ಇರಲಿಲ್ಲ ಅಂದರೆ ಈ ಉಪಾಯದಲ್ಲೂ ಅವರು ಮಡಚಿದ ಪಟ್ಟಿಯಲ್ಲೇ ಕೂರಬೇಕು. ಮೊದಲ ದಿನವೇ ಡೊಮೇನ್ ಸಮೇತ ಯಾರು ಬರುತ್ತಾರೆ, ಕಳ್ಳನನ್ನು ಬಿಟ್ಟರೆ?

ಬೆರಳಚ್ಚು

@ಸಾಲುದೀಪ ನಿಮ್ಮ ಫಿಲ್ಟರ್ ಕೇಳುವ ಪ್ರಶ್ನೆ "ಇವರು ಯಾರಿಗೆ ಗೊತ್ತು" ಅಂತ. ಹೊಸಬರು ಯಾರಿಗೂ ಗೊತ್ತಿರಲ್ಲ, ಹಾಗಾಗಿ ಎಲ್ಲರೂ ಫೇಲ್. ಅದರ ಬದಲು "ಇವರು ಯಾರ ಹಾಗೆ ಕಾಣುತ್ತಾರೆ" ಅಂತ ಕೇಳಿ ನೋಡಿ. ನಕಲಿ ಖಾತೆ ಬದುಕೋದೇ ನಿಮಗೆ ಗೊತ್ತಿರುವ ಒಬ್ಬರ ಹಾಗೆ ಕಂಡು, ಹಿಡಿಯೋದೂ ಅಲ್ಲೇ.

ನಾವು ನಮ್ಮ ಆ್ಯಪ್‌ನಲ್ಲಿ ಮಾಡಿದ್ದು ಇದು. ಓದುವವರ ಫಾಲೋ ಪಟ್ಟಿ ಹೇಗೂ ಆ್ಯಪ್ ಕೈಯಲ್ಲೇ ಇರುತ್ತದೆ. ಪರಿಚಯವಿಲ್ಲದ ಕೀಯಿಂದ ರಿಪ್ಲೈ ಬಂದರೆ ಅದರ ಹೆಸರನ್ನು ಆ ಪಟ್ಟಿಯ ಹೆಸರುಗಳ ಜೊತೆ, ಮತ್ತೆ ಪೋಸ್ಟ್ ಬರೆದವರ ಹೆಸರಿನ ಜೊತೆ ಹೋಲಿಸುತ್ತೇವೆ. ಹೋಲಿಕೆ ಇಲ್ಲ ಅಂದರೆ ಎಲ್ಲರ ಹಾಗೆ ಕಾಣಲಿ, ಪಕ್ಕದಲ್ಲಿ "ಹೊಸ ಖಾತೆ" ಅಂತ ಸಣ್ಣದಾಗಿ. ಹೋಲಿಕೆ ಇದ್ದರೆ ಮಾತ್ರ ಮಡಚಿ, "ಇದು ನೀವು ಫಾಲೋ ಮಾಡುವ ಖಾತೆ ಅಲ್ಲ" ಅಂತ ಬರೆದು ಫೋಟೋ ತೆಗೆದುಬಿಡುತ್ತೇವೆ. ಫೋಟೋ ತೆಗೆಯೋದನ್ನು ಮರೀಬೇಡಿ. ಜನ ಮುಖ ನೋಡಿಯೇ ನಂಬಿಬಿಡುತ್ತಾರೆ, 63 ಅಕ್ಷರದ ಎನ್‌ಪಬ್ (ಎಲ್ಲರಿಗೂ ಕಾಣುವ ಕೀ) ಅಂತೂ ದೇವರಾಣೆ ಯಾರೂ ಓದಲ್ಲ.

ಹೆಸರು ಹೋಲಿಸುವಾಗ ಕನ್ನಡದಲ್ಲಿ ಎರಡು ಗುಂಡಿಗಳಿವೆ, ನಾವು ಎರಡರಲ್ಲೂ ಬಿದ್ದೆದ್ದವರು. "ಬಂಗಾರ" ಅಂತ ಬರೆಯಿರಿ, ಆಮೇಲೆ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಹಾಕಿ "ಬ೦ಗಾರ" ಅಂತ ಬರೆಯಿರಿ. ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ ಹೆಸರು. ಇನ್ನೊಂದು ಗುಂಡಿ, ಒತ್ತಕ್ಷರ ಆಗದಂತೆ ನಡುವೆ ಹಾಕುತ್ತೇವಲ್ಲ, ಆ ಕಾಣದ ಗುರುತು. "ಸಾಫ್ಟ್‌ವೇರ್" ಅಂತ ಸರಿಯಾಗಿ ಬರೆಯೋಕೆ ಅದು ಬೇಕೇ ಬೇಕು, ಹಾಗಾಗಿ ನಿಷೇಧಿಸೋಕೆ ಆಗಲ್ಲ. ಆದರೆ ಯಾರದೋ ಹೆಸರಿನ ಕೊನೆಗೆ ಅದನ್ನು ಅಂಟಿಸಿದರೆ ಯಾರಿಗೂ ತಿಳಿಯಲ್ಲ. ತೋರಿಸುವಾಗ ಹಾಗೇ ಇರಲಿ, ಹೋಲಿಸುವ ಮೊದಲು ಮಾತ್ರ ಕಿತ್ತುಹಾಕಿ. ಬೇರೆ ಲಿಪಿಗಳ ಹೋಲುವ ಅಕ್ಷರಗಳಿಗೆ ಯುನಿಕೋಡ್‌ನವರ ಯುಟಿಎಸ್ 39 ಅನ್ನೋ ದಾಖಲೆ ನೋಡಿ, ಪಟ್ಟಿ ರೆಡಿ ಇದೆ.

ಹಳೇಬಾಗಿಲು

ನಾನು ಮಾಸ್ಟೊಡಾನ್ (ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಸೇರಿ ಆದ ಜಾಲ) ಕಡೆಯವನು, ಒಂದು ಸಣ್ಣ ಸರ್ವರ್ ನೋಡಿಕೊಳ್ಳುತ್ತೇನೆ. 2024ರ ಫೆಬ್ರವರಿಯಲ್ಲಿ ಸ್ಪ್ಯಾಮ್ ಅಲೆ ಬಂತಲ್ಲ, ಅದು ಬಂದಿದ್ದು ಬಾಗಿಲು ತೆರೆದಿಟ್ಟು ಮಾಡರೇಟರ್ ಮಲಗಿದ್ದ ಸಣ್ಣ ಸರ್ವರ್‌ಗಳಿಂದ. ನಾನೂ ಗಾಬರಿಯಲ್ಲಿ ಇಡೀ ಸರ್ವರ್‌ಗಳನ್ನೇ ಬ್ಲಾಕ್ ಮಾಡಿದೆ, ಅವುಗಳಲ್ಲಿದ್ದ ಅಮಾಯಕರೂ ಹೋದರು. ಈಗ ಮಾಡರೇಟರ್ ಒಂದು ವಾರ ಆ ಕಡೆ ತಲೆ ಹಾಕದಿದ್ದರೆ ತೆರೆದ ನೋಂದಣಿ ತಾನಾಗಿ "ಒಪ್ಪಿಗೆ ಬೇಕು" ಅಂತ ಬದಲಾಗುತ್ತದೆ. ಒಳ್ಳೆಯದೇ ಆಯಿತು.

ನಮ್ಮಲ್ಲಿ ಹೊಸಬರು ಹಾಕುವ ಸಾರ್ವಜನಿಕ ಪೋಸ್ಟ್ ಅದೇ ಸರ್ವರ್‌ನ ಲೋಕಲ್ ಟೈಮ್‌ಲೈನ್‌ನಲ್ಲಿ ಕಾಣುತ್ತದೆ, ಯಾರಾದರೊಬ್ಬರು ಮಾತಾಡಿಸುತ್ತಾರೆ. ನಿಮ್ಮಲ್ಲಿ ಆ ಜಗಲಿಯೇ ಇಲ್ಲ. ಮೊದಲ ಸಲ ಪೋಸ್ಟ್ ಹಾಕಿದವರದ್ದೇ ಒಂದು ಟ್ಯಾಬ್ ಮಾಡಿ, ನೀವು ಮೂವರಾದರೂ ದಿನಾ ಹತ್ತು ನಿಮಿಷ ಅಲ್ಲಿ ಕೂತುಕೊಳ್ಳಿ.

@ಬೆರಳಚ್ಚು ಒಂದು ಅನುಮಾನ. ಇವತ್ತೇ ಸೇರಿದವರ ಫಾಲೋ ಪಟ್ಟಿ ಖಾಲಿ ಇರುತ್ತದಲ್ವಾ? ಹೋಲಿಸೋದು ಯಾರ ಜೊತೆ? ಸುಲಭವಾಗಿ ಮೋಸ ಹೋಗುವವರೂ ಅವರೇ.

ಬೆರಳಚ್ಚು

ಹೌದು, ಅಲ್ಲಿ ನಮ್ಮದೂ ಸೋತಿದೆ. ಖಾಲಿ ಪಟ್ಟಿ ಇದ್ದರೆ ಪೋಸ್ಟ್ ಬರೆದವರ ಜೊತೆ ಮಾತ್ರ ಹೋಲಿಸುತ್ತೇವೆ, ಡಿಎಂನಲ್ಲಿ ಅದೂ ಇಲ್ಲ.

ಸಾಲುದೀಪ

ಎಲ್ಲರಿಗೂ ಥ್ಯಾಂಕ್ಸ್. ಹೋಲಿಕೆ ನೋಡುವ ಫಿಲ್ಟರ್ ಬರೆದು ಒಂದು ವಾರ ಓಡಿಸಿದೆ. ಹಳೆಯ ಕಳ್ಳನೇ ಹೊಸ ಕೀ ಹಿಡಿದು ಬಂದಿದ್ದ, ಈ ಸಲ ಹೆಸರಲ್ಲಿ ಅಂಕಿಯ ಸೊನ್ನೆ! ಸಿಕ್ಕಿಬಿದ್ದ. ಜೊತೆಗೆ ಒಬ್ಬ ಪಾಪದವರೂ ಸಿಕ್ಕಿಬಿದ್ದರು, ಇಬ್ಬರು ಅಸಲಿ ಮನುಷ್ಯರಿಗೆ ಒಂದೇ ಹೆಸರು. ಅದಕ್ಕೆ ನಿಪ್-02ರ (ಫಾಲೋ ಪಟ್ಟಿ ಹೇಗಿರಬೇಕು ಅನ್ನೋ ನೋಸ್ಟರ್ ನಿಯಮ) ಫಾಲೋ ಪಟ್ಟಿಯಲ್ಲಿ ನಾವೇ ಇಡುವ ಹೆಸರಿಗೆ ಜಾಗ ಇದೆ ಅಂತ ನೆನಪಾಯಿತು, ಫೋನ್‌ನಲ್ಲಿ ನಂಬರ್ ಸೇವ್ ಮಾಡಿಕೊಂಡ ಹಾಗೆ. ಅವರನ್ನು ಫಾಲೋ ಮಾಡಿ ನಮಗೆ ಬೇಕಾದ ಹೆಸರು ಇಟ್ಟುಕೊಂಡರೆ ಫಿಲ್ಟರ್ ಸುಮ್ಮನಾಗುತ್ತದೆ. ಹೊಸಬರ ಟ್ಯಾಬ್ ಇನ್ನೂ ಆಗಿಲ್ಲ, ಮಾಡುತ್ತೇನೆ.

ಬಗ್ ಹುಡುಕಿಕೊಟ್ಟವರಿಗೆ ಮೂರು ದಿನದ ಹಿಂದೆ ಉತ್ತರ ಬರೆದೆ. ಸದ್ದಿಲ್ಲ. ಆಮೇಲೆ ಹೊಳೆಯಿತು, ಅವರು ಇನ್ನೂ ಯಾರನ್ನೂ ಫಾಲೋ ಮಾಡಿಲ್ಲ. ಹಳೆಯ ಆವೃತ್ತಿಯಲ್ಲೇ ಇದ್ದರೆ ನನ್ನ ರಿಪ್ಲೈ ಅವರ ಕಡೆ ಮಡಚಿದ ಪಟ್ಟಿಯಲ್ಲಿ ಕೂತಿರುತ್ತದೆ.