ಗೋಡೆ ಮೇಲೆ ರಾಜಾಸಾರಸ್ ಬರೆಯಬೇಕು, ಅದರ ಕಾಲಡಿ ಏನಿರಬೇಕು?

ಪ್ರಶ್ನೆ: ಚಿತ್ರಕಲಾ ಶಿಕ್ಷಕಿ, ಹಾವೇರಿ ಜಿಲ್ಲೆ

ನಮ್ಮ ಶಾಲೆಯ ವಿಜ್ಞಾನ ಕೊಠಡಿಯಲ್ಲಿ 12 ಅಡಿ ಉದ್ದದ ಗೋಡೆಯೊಂದನ್ನು ಚಿತ್ರಕ್ಕೆಂದು ಬಿಟ್ಟುಕೊಟ್ಟಿದ್ದಾರೆ. ಟಿ. ರೆಕ್ಸ್ ಎಲ್ಲರೂ ಬರೆಯುತ್ತಾರೆ, ನಮ್ಮ ದೇಶದ್ದೇ ಒಂದಿರಲಿ ಎಂದು ಗುಜರಾತಿನಲ್ಲಿ ಮೂಳೆ ಸಿಕ್ಕ ಮಾಂಸಾಹಾರಿ ಡೈನೋಸಾರ್ ರಾಜಾಸಾರಸ್ ಆರಿಸಿಕೊಂಡೆ. ಪ್ರಾಣಿಯ ಗೆರೆಚಿತ್ರ ಒಂದು ಮಟ್ಟಕ್ಕೆ ಬಂದಿದೆ. ಹಿನ್ನೆಲೆಗೆ ಬಂದಾಗ ಕೈ ನಿಂತುಹೋಯಿತು. ಸದ್ಯಕ್ಕೆ ಹೊಗೆ ಉಗುಳುವ ಚೂಪು ಬೆಟ್ಟ, ಜರೀಗಿಡ, ಬೋಳು ನೆಲ ಹಾಕಿದ್ದೇನೆ. ಅದೆಲ್ಲ ಎಲ್ಲೋ ನೋಡಿದ ಚಿತ್ರಗಳ ನೆನಪು ಅಷ್ಟೇ. ಹುಲ್ಲು ಬರೆಯಬಹುದಾ? ಬಣ್ಣ ಹೇಗೆ ತೀರ್ಮಾನಿಸುವುದು? ಇಂಥ ಚಿತ್ರ ಬರೆದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಉತ್ತರ: ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವನು, ಬೆಂಗಳೂರು

ಮೇಡಂ, ಬೆಟ್ಟವನ್ನು ಸ್ವಲ್ಪ ಪಕ್ಕಕ್ಕಿಡಿ. ಮೊದಲು ನೆಲ ಬರೆಯಿರಿ, ಆಮೇಲೆ ಪ್ರಾಣಿ. ನಮ್ಮ ಡೈನೋಸಾರ್‌ಗಳ ಮೂಳೆ ಸಿಕ್ಕಿರುವುದು ಕಡಿಮೆ. ಆದರೆ ಅವು ಓಡಾಡಿದ ನೆಲದ ಬಗ್ಗೆ ಕಲ್ಲುಗಳೇ ಬೇಕಾದಷ್ಟು ಹೇಳುತ್ತವೆ. ಇದು ನನಗೆ ಗೊತ್ತಾಗಿದ್ದು ತಡವಾಗಿ.

ಹುಲ್ಲಿನ ಮಾತಿಗೆ ಬರುತ್ತೇನೆ. ನಾನು ಮೊದಲ ಸಲ ರಾಜಾಸಾರಸ್ ಬರೆದಾಗ ಒಂದೆಸಳು ಹುಲ್ಲೂ ಹಾಕಲಿಲ್ಲ. ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ. ಪುಸ್ತಕ ಅಚ್ಚಾದ ಮೇಲೆ ಓದುಗರೊಬ್ಬರ ಪತ್ರ ಬಂತು. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿ ಪಿಸ್ದುರಾ ಎಂಬ ಊರಿದೆ. ಅಲ್ಲಿ ಕಲ್ಲಾಗಿ ಹೋದ ಸಗಣಿಯ ಉಂಡೆಗಳು ಸಿಗುತ್ತವೆ. ಉದ್ದ ಕತ್ತಿನ, ಸೊಪ್ಪು ತಿನ್ನುವ ಟೈಟನೋಸಾರ್‌ಗಳ ಸಗಣಿ ಅದು ಎನ್ನುತ್ತಾರೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ತಾಳೆಯ ಜಾತಿಯ ಮರ, ಸೂಚಿಪರ್ಣಿ ಮರಗಳ ಗುರುತಿನ ಜೊತೆಗೆ ಹುಲ್ಲಿನ ಗುರುತೂ ಸಿಕ್ಕಿತು. ಒಂದಲ್ಲ, ಕನಿಷ್ಠ ಐದು ಬಗೆಯ ಹುಲ್ಲು. ಇದು ಪ್ರಕಟವಾಗಿದ್ದು 2005ರಲ್ಲಿ. ಕಬ್ಬಿನ ಗರಿ ಕೈ ಕೊಯ್ಯುತ್ತದಲ್ಲ, ಅದರೊಳಗಿನ ಗಾಜಿನಂಥ ಸಿಲಿಕಾ ಕಣಗಳಿಂದ. ಎಲೆ ಕೊಳೆತು ಹೋದರೂ ಆ ಕಣ ಉಳಿಯುತ್ತದೆ. ಸಗಣಿಯಲ್ಲಿ ಕಂಡಿದ್ದು ಅದೇ. ಭತ್ತದ ಹತ್ತಿರದ ಬಳಗದ ಹುಲ್ಲೂ ಅದರಲ್ಲಿತ್ತು ಎಂದು 2011ರಲ್ಲಿ ಇನ್ನೊಂದು ಅಧ್ಯಯನ ಬಂತು.

ಹಾಗಾಗಿ ಹುಲ್ಲು ಧೈರ್ಯವಾಗಿ ಬರೆಯಿರಿ. ಆದರೆ ಹುಲ್ಲುಗಾವಲು ಬೇಡ. ಸಗಣಿಯಲ್ಲಿ ಹುಲ್ಲಿನ ಪಾಲು ಸಣ್ಣದು. ನೀರಿನ ಅಂಚಿಗೆ, ಮರದ ಬುಡಕ್ಕೆ ಅಲ್ಲೊಂದು ಇಲ್ಲೊಂದು ಕುಚ್ಚು ಸಾಕು. ಪಿಸ್ದುರಾ ನಿಮ್ಮ ರಾಜಾಸಾರಸ್ ಸಿಕ್ಕ ಜಾಗದಿಂದ ದೂರ. ಆದರೂ ಎರಡೂ ಕಡೆ ಇರುವುದು ಜಬಲ್ಪುರದ ಬಳಿಯ ಲಮೇಟಾ ಘಾಟಿನ ಹೆಸರು ಹೊತ್ತ ಕಲ್ಲಿನ ಪದರವೇ.

ಇನ್ನು ಪ್ರಾಣಿ. ಬಣ್ಣ ಹಚ್ಚುವ ಮುಂಚೆ ಒಂದು ಹಾಳೆಯಲ್ಲಿ ಸಿಕ್ಕ ಮೂಳೆಗಳನ್ನು ಕಪ್ಪಿನಲ್ಲಿ, ಸಿಗದವನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ರಾಜಾಸಾರಸ್‌ನ ತಲೆಬುರುಡೆಯ ಹಿಂಭಾಗ, ಬೆನ್ನುಮೂಳೆ, ಸೊಂಟ, ಹಿಂಗಾಲು, ಬಾಲದ ಭಾಗಗಳಷ್ಟೇ ಸಿಕ್ಕಿವೆ. 1980ರ ದಶಕದಲ್ಲಿ ಗುಜರಾತಿನ ರಹಿಯೋಲಿ ಎಂಬ ಊರಿನಲ್ಲಿ ಅಗೆದಾಗ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಸುರೇಶ್ ಶ್ರೀವಾಸ್ತವ ಯಾವ ಮೂಳೆ ಎಲ್ಲಿ ಬಿದ್ದಿತ್ತು ಎಂದು ನಕ್ಷೆ ಬರೆದಿಟ್ಟಿದ್ದರು. ಎಷ್ಟೋ ವರ್ಷದ ಮೇಲೆ ಚೆಲ್ಲಾಪಿಲ್ಲಿಯಾಗಿದ್ದ ಮೂಳೆಗಳನ್ನು ಒಂದೇ ಪ್ರಾಣಿಯದ್ದೆಂದು ಜೋಡಿಸಲು ಆ ನಕ್ಷೆಯೇ ನೆರವಾಯಿತು. 2003ರಲ್ಲಿ ಹೆಸರಿಟ್ಟರು. ಒಬ್ಬರು ತಾಳ್ಮೆಯಿಂದ ಬರೆದಿಟ್ಟ ಚಿತ್ರದಿಂದ ಒಂದು ಪ್ರಾಣಿ ಎದ್ದು ನಿಂತಿತು ಎಂದು ನೆನೆದಾಗಲೆಲ್ಲ ನನಗೆ ಹೃದಯ ತುಂಬಿ ಬರುತ್ತದೆ. ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಮೂತಿ, ಕೈ ಸಿಕ್ಕಿಲ್ಲ. ಅವಕ್ಕೆ ಸೋದರ ಸಂಬಂಧಿಯನ್ನು ನೋಡಬೇಕು. ಮಡಗಾಸ್ಕರ್‌ನ ಮಜುಂಗಸಾರಸ್‌ನ ತಲೆಬುರುಡೆ ಚೆನ್ನಾಗಿ ಉಳಿದಿದೆ. ಮೋಟು ಮೂತಿ, ತೀರಾ ಪುಟ್ಟ ಕೈ. ಹಣೆಯ ಮೇಲಿನ ಒಂದೇ ಮೋಟು ಕೊಂಬು ಮಾತ್ರ ರಾಜಾಸಾರಸ್‌ನದ್ದೇ ಮೂಳೆಯಿಂದ ಗೊತ್ತಾಗಿದ್ದು. ಚರ್ಮಕ್ಕೆ ಅರ್ಜೆಂಟೀನಾದ ಕಾರ್ನೋಟಾರಸ್. ಅದೇ ಬಳಗದ ಆ ಪ್ರಾಣಿಯ ಚರ್ಮದ ಅಚ್ಚು ಸಿಕ್ಕಿದೆ. ಸಣ್ಣ ಸಣ್ಣ ಹುರುಪೆ, ನಡುನಡುವೆ ದೊಡ್ಡ ಗುಬುಟು. ಗರಿಯ ಗುರುತಿಲ್ಲ.

ಕಾಲು ಬರೆಯಲು ಕೋಳಿ ನೋಡಿ. ನಾನು ಅಕ್ಕನ ಮನೆಯ ಹಿತ್ತಿಲಲ್ಲಿ ಎರಡು ದಿನ ಕೂತು ನಾಟಿ ಹುಂಜವನ್ನು ಬರೆದೆ. ಮಂಡಿ ಹಿಂದಕ್ಕೆ ಮಡಚಿದಂತೆ ಕಾಣುತ್ತದಲ್ಲ, ಅದು ಮಂಡಿಯಲ್ಲ, ಹಿಮ್ಮಡಿಯ ಗಂಟು. ನಿಜವಾದ ಮಂಡಿ ಪುಕ್ಕದೊಳಗೆ, ಹೊಟ್ಟೆಗೆ ಅಂಟಿಕೊಂಡಂತೆ ಇರುತ್ತದೆ. ಹುಂಜ ಹೆಜ್ಜೆ ಎತ್ತುವಾಗ ಮೂರು ಬೆರಳೂ ಒಟ್ಟಾಗಿ ಮುಚ್ಚಿಕೊಳ್ಳುತ್ತವೆ, ಊರುವಾಗ ಬಿಚ್ಚಿಕೊಳ್ಳುತ್ತವೆ. ಅಂದಿನವರೆಗೆ ನಾನು ಬರೆದ ಡೈನೋಸಾರ್‌ಗಳೆಲ್ಲ ಬೆರಳು ಅಗಲಿಸಿಕೊಂಡೇ ಕಾಲೆತ್ತುತ್ತಿದ್ದವು.

ಬಣ್ಣಕ್ಕೆ ಸದ್ಯಕ್ಕೆ ಆಧಾರವಿಲ್ಲ. ಚೀನಾದ ಸೈನೋಸಾರೋಪ್ಟೆರಿಕ್ಸ್ ಎಂಬ ಪುಟ್ಟ ಡೈನೋಸಾರ್‌ನ ಬಾಲದಲ್ಲಿ ಕೆಂಗಂದು ಬಣ್ಣದ ಪಟ್ಟೆಗಳಿದ್ದವು ಎಂದು 2010ರಲ್ಲಿ ಕಂಡುಕೊಂಡಿದ್ದು ಅದರ ಗರಿಯಲ್ಲಿ ಉಳಿದಿದ್ದ ಬಣ್ಣದ ಕಣಗಳಿಂದ. ನಮ್ಮದರಲ್ಲಿ ಅಂಥದ್ದೇನೂ ಸಿಕ್ಕಿಲ್ಲ. ನಾನು ಬೆನ್ನಿಗೆ ಮಣ್ಣಿನ ಬಣ್ಣ, ಹೊಟ್ಟೆಗೆ ತಿಳಿ ಬಣ್ಣ ಹಾಕಿ, ಕೊಂಬಿನ ಸುತ್ತ ಮಾತ್ರ ಸ್ವಲ್ಪ ಕೆಂಪು ಕೊಡುತ್ತೇನೆ. ಪಕ್ಕದಲ್ಲಿ 'ಬಣ್ಣ ನಮ್ಮ ಊಹೆ' ಎಂದು ಬರೆಯುತ್ತೇನೆ.

ಉತ್ತರ: ಭೂವಿಜ್ಞಾನ ಉಪನ್ಯಾಸಕ, ವಿಜಯಪುರ

ಮೇಲಿನ ಸರ್ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ, ಮೇಡಂ. ಆ ಚೂಪು ಬೆಟ್ಟ ತೆಗೆದುಬಿಡಿ. ದಖ್ಖನ್ನಿನ ಲಾವಾ ಹೆಚ್ಚಾಗಿ ಉಕ್ಕಿದ್ದು ನೆಲದ ಉದ್ದುದ್ದ ಬಿರುಕುಗಳಿಂದ. ಪದರದ ಮೇಲೆ ಪದರ ಹರಡಿ ತಣ್ಣಗಾಗಿದೆ. ಮಹಾರಾಷ್ಟ್ರದ ಘಟ್ಟಗಳು ಮೆಟ್ಟಿಲು ಕಡಿದಂತೆ ಕಾಣುವುದು ಅದಕ್ಕೇ. ಈ ಲಾವಾ ಕಲ್ಲನ್ನು 'ದಖ್ಖನ್ ಟ್ರ್ಯಾಪ್' ಎನ್ನುತ್ತಾರಲ್ಲ, ಆ 'ಟ್ರ್ಯಾಪ್' ಎಂಬ ಹೆಸರು ಬಂದಿದ್ದೂ ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ. ಲಾವಾ ಬೇಕೇ ಬೇಕು ಎಂದರೆ ದೂರದಲ್ಲಿ ಅಡ್ಡಡ್ಡ ಕೆಂಪು ಗೆರೆ, ಮೇಲೆ ಮಬ್ಬು. ಅಷ್ಟು ಸಾಕು. ರಾಜಾಸಾರಸ್ ಸಿಕ್ಕ ಪದರ ಲಾವಾದ ಕೆಳಗಿನದು, ಸುಮಾರು 6.7 ಕೋಟಿ ವರ್ಷ ಹಳೆಯದು.

ಎರಡನೆಯದು ನಾನೇ ಮಾಡಿದ ತಪ್ಪು. ಕಾಲೇಜಿನ ಪ್ರದರ್ಶನಕ್ಕೆ ಬರೆಸಿದ ಚಿತ್ರದಲ್ಲಿ ನೆಲಕ್ಕೆ ನಮ್ಮ ಎರೆ ಹೊಲದ ಬಣ್ಣ ಹಾಕಿಸಿದ್ದೆ. ಬೇಸಿಗೆಯಲ್ಲಿ ಬಾಯಿಬಿಟ್ಟ ಕಪ್ಪು ಭೂಮಿ. ನೋಡಲು ಬಹಳ ಚೆನ್ನಾಗಿತ್ತು. ಆದರೆ ಎರೆ ಮಣ್ಣು ಹುಟ್ಟಿದ್ದೇ ಆ ಲಾವಾ ಕಲ್ಲು ಸವೆದು. ಲಾವಾ ಹರಿಯುವ ಮೊದಲೇ ಅಲ್ಲಿ ಓಡಾಡಿದ ಪ್ರಾಣಿಯ ಕಾಲಡಿ ಆ ಮಣ್ಣು ಬರುವುದು ಹೇಗೆ? ಪ್ರದರ್ಶನದ ಹಿಂದಿನ ರಾತ್ರಿ ಹೊಳೆಯಿತು. ಕೂತು ಬಣ್ಣ ತಿದ್ದಿಸಿದೆ. ಲಮೇಟಾ ನೆಲಕ್ಕೆ ಮಾಸಲು ಬಿಳಿ, ಅಲ್ಲಲ್ಲಿ ಕೆಂಪು ಜೇಡಿ, ತಿಳಿ ಹಸಿರು ಮರಳು ಹಾಕಿ. ನಡುವೆ ಸುಣ್ಣದ ಗಂಟುಗಳು ಬರಲಿ. ಮಳೆ ಕಡಿಮೆ, ಬಿಸಿಲು ಜಾಸ್ತಿ ಇರುವ ಕಡೆ ಮಣ್ಣಿನಲ್ಲಿ ಅಂಥ ಗಂಟು ಕಟ್ಟುತ್ತದೆ. ಹಾಗಾಗಿ ದಟ್ಟ ಮಳೆಕಾಡು ಬೇಡ. ಹೊಳೆ, ತಗ್ಗಿನಲ್ಲಿ ನಿಂತ ನೀರು, ಅದರ ಸುತ್ತ ಮರ.

ಆಗ ಭಾರತ ಮಡಗಾಸ್ಕರ್‌ನಿಂದ ಕಳಚಿಕೊಂಡು ಸಮುದ್ರದ ನಡುವೆ ಉತ್ತರಕ್ಕೆ ಸಾಗುತ್ತಿತ್ತು. ಹಿಮಾಲಯ ಇನ್ನೂ ಹುಟ್ಟಿರಲಿಲ್ಲ. ಹಿಂದೆ ಹಿಮದ ಬೆಟ್ಟ ಬರೆಯಬೇಡಿ.

ಉತ್ತರ: ಕೆಲಸದ ನಿಮಿತ್ತ ವಡೋದರಾದಲ್ಲಿರುವ ಶಿವಮೊಗ್ಗದವಳು

ಮಗನನ್ನು ಕರೆದುಕೊಂಡು ರಹಿಯೋಲಿಗೆ ಹೋಗಿದ್ದೆ. ಬಾಲಾಸಿನೋರ್ ಹತ್ತಿರದ ಊರು. 2019ರಲ್ಲಿ ಅಲ್ಲಿ ಡೈನೋಸಾರ್ ವಸ್ತುಸಂಗ್ರಹಾಲಯವೂ ಆಗಿದೆ. ನನ್ನ ಮನಸ್ಸಿನಲ್ಲಿ ಉಳಿದಿದ್ದು ಬಯಲಿನ ಬಂಡೆಯಲ್ಲಿ ಹುದುಗಿರುವ ಮೊಟ್ಟೆಗಳು. ದುಂಡಗಿನ ಗುರುತು, ಸುತ್ತ ತೆಳು ಚಿಪ್ಪಿನ ಗೆರೆ. ಮಗ ಬಗ್ಗಿ ಬೆರಳಿನಿಂದ ಆ ಗೆರೆಯ ಗುಂಡನ್ನು ಗಾಳಿಯಲ್ಲೇ ಬರೆದ.

ಅಕ್ಕ, ನಿಮ್ಮ ಗೋಡೆಯ ಕೆಳಮೂಲೆಯಲ್ಲಿ ಒಂದು ಗೂಡು ಇರಲಿ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ಟೈಟನೋಸಾರ್‌ಗಳ 92 ಗೂಡು, 256 ಮೊಟ್ಟೆ ಸಿಕ್ಕಿದ್ದರ ವಿವರ 2023ರಲ್ಲಿ ಬಂತು. ಮೊಟ್ಟೆ 15ರಿಂದ 17 ಸೆಂಟಿಮೀಟರ್, ಒಂದು ಕರ್ಬೂಜ ಹಣ್ಣಿನಷ್ಟು. ಗೂಡುಗಳು ಎಷ್ಟು ಒತ್ತೊತ್ತಾಗಿದ್ದವು ಎಂದರೆ ತಾಯಿ ನಡುವೆ ನಡೆದು ಕಾಯಲು ಜಾಗವೇ ಇರಲಿಲ್ಲವಂತೆ. ಹಾಗಾಗಿ ಕಾವು ಕೂತ ತಾಯಿ ಬೇಡ. ಅದರ ಬದಲು ಹಾವು ಬರೆಯಬಹುದು! ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಒಡೆದ ಮೊಟ್ಟೆಯ ಸುತ್ತ ಸುತ್ತಿಕೊಂಡ ಹಾವು ಹಾಗೇ ಕಲ್ಲಾಗಿ ಸಿಕ್ಕಿದೆ, ಪಕ್ಕದಲ್ಲೇ ಅರ್ಧ ಮೀಟರ್ ಉದ್ದದ ಮರಿ. ಹಾವು ಸುಮಾರು ಮೂರೂವರೆ ಮೀಟರ್. 2010ರಲ್ಲಿ ಅದಕ್ಕೆ ಸನಾಜೇ ಎಂದು ಹೆಸರಿಟ್ಟರು.

ಕೇಳಿದವರಿಂದ

ಎಲ್ಲರಿಗೂ ಮನಸಾರೆ ಧನ್ಯವಾದ. ಬೆಟ್ಟದ ಮೇಲೆ ಸುಣ್ಣ ಬಳಿದಾಯಿತು. ನಿನ್ನೆ ಏಳನೇ ತರಗತಿಯ ಮಕ್ಕಳ ಜೊತೆ ನೆಲದ ಬಣ್ಣ ಕಲಸಿದೆವು. ಬಿಳಿಗೆ ಒಂದಿಷ್ಟು ಹಳದಿ ಓಕರ್, ಚಿಟಿಕೆ ಕಪ್ಪು ಹಾಕಿದರೆ ಆ ಮಾಸಲು ಬಣ್ಣ ಸರಿಯಾಗಿ ಬರುತ್ತದೆ. ಒಬ್ಬ ಹುಡುಗಿ ಮನೆಯ ಕೋಳಿಯ ಕಾಲನ್ನು ಬರೆದು ತಂದಿದ್ದಳು, ಹಿಮ್ಮಡಿಯ ಗಂಟಿಗೆ ಬಾಣದ ಗುರುತು ಹಾಕಿ. ಹಾವು ಬಲಗಡೆ ಮೂಲೆಗೆ ಬರುತ್ತದೆ. ಹುಲ್ಲಿನ ಕುಚ್ಚುಗಳಿಗೆ ಶುಕ್ರವಾರ ಎಂದು ಇಟ್ಟುಕೊಂಡಿದ್ದೇವೆ. ವಿಜಯಪುರದ ಸರ್, ಸುಣ್ಣದ ಗಂಟು ಎಷ್ಟು ದೊಡ್ಡದಿರಬೇಕು? ನಿಂಬೆಕಾಯಿಯಷ್ಟು ಹಾಕಿದರೆ ನಡೆಯುತ್ತದಾ?